ಸೀಟು ಸಿಗುವುದೇ ಎಂದು ಯಾರನ್ನು ಕೇಳುತ್ತೀರಿ?



ಪ್ರತಿ ವರ್ಷ ಏಪ್ರಿಲ್ ಕೊನೆಯಿಂದ ಆಷಾಢದ ತನಕ ನಮ್ಮ ಕಡೆಯ ಮಠಗಳ ಅಂಗಳದಲ್ಲಿ ಒಂದು ಪ್ರಶ್ನೆ ಕೇಳಿಬರುತ್ತದೆ. ತಂದೆತಾಯಿ ಮಗನನ್ನೋ ಮಗಳನ್ನೋ ಮುಂದಿಟ್ಟುಕೊಂಡು ಬಂದು, ಅಪ್ಪಗಳ ಪಾದಕ್ಕೆ ಎರಗಿ, "ಅಪ್ಪಾರ, ಇಕಿಗೆ ಸೀಟು ಸಿಗತೈತೇನ್ರಿ?" ಎಂದು ಕೇಳುತ್ತಾರೆ. ಅಪ್ಪಗಳು "ಒಳ್ಳೇದಾಗಲಿ" ಎಂದು ಹರಸುತ್ತಾರೆ. ಬೇರೇನು ಹೇಳಲು ಸಾಧ್ಯ? ಅಲ್ಲಿಂದ ಎದ್ದವರಲ್ಲಿ ಕೆಲವರು ನೇರವಾಗಿ ಜ್ಯೋತಿಷಿಯ ಮನೆಗೂ ಹೋಗುತ್ತಾರೆಂಬುದು ಗುಟ್ಟೇನಲ್ಲ. ಕೊರಳಲ್ಲಿ ಇಷ್ಟಲಿಂಗ, ಕೈಯಲ್ಲಿ ಮಗಳ ಜಾತಕ.

ಈ ಪ್ರಶ್ನೆಗೆ ಉತ್ತರವಿದೆ. ಸರ್ಕಾರವೇ ಅದನ್ನು ಪ್ರತಿ ವರ್ಷ ಪ್ರಕಟಿಸುತ್ತದೆ, ಬಿಡಿಕಾಸು ಖರ್ಚಿಲ್ಲದೆ ಯಾರು ಬೇಕಾದರೂ ನೋಡಬಹುದು. ಮೂವತ್ತು ವರ್ಷ ಪಾಠ ಹೇಳಿದ ನಾನು ಅದನ್ನು ಓದಲು ಕಲಿತದ್ದು ನಿವೃತ್ತಿಯಾದ ಮೇಲೆ, ಬಂಟ್ವಾಳ ತಾಲ್ಲೂಕಿನ ವಾಮದಪದವಿನಲ್ಲಿ. ಅದೂ ಒಂದು ತಪ್ಪು ಮಾಡಿ, ಆ ತಪ್ಪಿನ ಫಲವನ್ನು ಬೇರೊಬ್ಬರ ತಲೆಗೆ ಕಟ್ಟಿದ ಮೇಲೆ.

ನಡೆದದ್ದು ಇಷ್ಟು. ನನ್ನ ತಂಗಿಯ ಮೊಮ್ಮಗಳು ಕೊಪ್ಪಳ ಜಿಲ್ಲೆಯ ಹಳ್ಳಿಯವಳು. ಹತ್ತನೆಯವರೆಗೆ ಊರಿನ ಕನ್ನಡ ಶಾಲೆ. ಆಮೇಲೆ ಪಿಯುಸಿ ವಿಜ್ಞಾನಕ್ಕೆ ಕರಾವಳಿಗೆ ಕಳಿಸಿದರು. ನಮ್ಮ ಕಡೆಯಿಂದ ಹೀಗೆ ಹೋಗುವ ಮಕ್ಕಳು ಎಷ್ಟು ಜನ ಎಂಬುದು ರಜೆ ಮುಗಿಯುವ ದಿನ ಮಂಗಳೂರು, ಮೂಡುಬಿದಿರೆ ಬಸ್ಸು ಹತ್ತಿದವರಿಗೆ ಗೊತ್ತು. ಕಳಿಸುವವರನ್ನು ಬೈಯುವ ಹಾಗೂ ಇಲ್ಲ. 2025ರ ದ್ವಿತೀಯ ಪಿಯು ಫಲಿತಾಂಶದಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು, ನಮ್ಮ ಯಾದಗಿರಿ ಕಟ್ಟಕಡೆಯದು. ಈ ಮಗುವಿನ ತಂದೆ ಎರಡು ಎಕರೆ ಒತ್ತೆಯಿಟ್ಟ. ಹುಡುಗಿ ಕಷ್ಟಪಟ್ಟು ಓದಿದಳು, ಸಿಇಟಿಯಲ್ಲಿ ಹೇಳಿಕೊಳ್ಳುವಂಥ ರ್‍ಯಾಂಕು ಬಂತು. ಬೆಂಗಳೂರಿನ ಒಂದು ಹೆಸರಾಂತ ಎಂಜಿನಿಯರಿಂಗ್ ಕಾಲೇಜಿನ ಮೇಲೆ ಅವಳ ಕಣ್ಣಿತ್ತು.

ಆಯ್ಕೆ ದಾಖಲಿಸುವ ದಿನ ನಾನು ಪಕ್ಕದಲ್ಲಿ ಕೂತಿದ್ದೆ. ಮನೆಯಲ್ಲಿ ಓದಿದವನು ನಾನೇ ಅಲ್ಲವೇ. "ಆ ಕಾಲೇಜು ನಮ್ಮಂಥವರಿಗೆ ಸಿಗೋದಿಲ್ಲ ಕೂಸೆ. ಅದನ್ನ ಮೊದಲು ಹಾಕಿದರೆ ಇರೋದೂ ಕೈತಪ್ಪೀತು. ಖಾತ್ರಿ ಇರೋದನ್ನ ಮೊದಲು ಹಾಕು" ಎಂದೆ. ಮನೆಗೆ ಹತ್ತಿರದ ಒಂದು ಕಾಲೇಜನ್ನು ಒಂದನೆಯ ಆಯ್ಕೆಯಾಗಿ ಹಾಕಿಸಿದೆ. ಅವಳ ಕನಸಿನ ಕಾಲೇಜು ಆರನೆಯದಾಯಿತು. ಒಂದನೆಯದೇ ಸಿಕ್ಕಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಎರಡು ತಿಂಗಳ ನಂತರ ಅವಳ ಕಾಗದಪತ್ರ ಒಂದನ್ನು ತರಲು ಕರಾವಳಿಗೆ ಹೋದವನು ವಾಮದಪದವಿನಲ್ಲಿ ಹಳೆಯ ಗೆಳೆಯರೊಬ್ಬರ ಮನೆಯಲ್ಲಿ ಉಳಿದೆ. ಮೌಲ್ಯಮಾಪನ ಕೇಂದ್ರದಲ್ಲಿ ಪರಿಚಯವಾದವರು, ಗಣಿತದ ಉಪನ್ಯಾಸಕರಾಗಿದ್ದು ನಿವೃತ್ತರಾದವರು. ವಾಮದಪದವು ದೊಡ್ಡ ಊರೇನಲ್ಲ. ಪದವು ಎಂದರೆ ತುಳುವಿನಲ್ಲಿ ಎತ್ತರದ ಬಯಲು. ಮುರಕಲ್ಲಿನ ನೆಲ, ಸುತ್ತ ಅಡಿಕೆ ತೋಟ. ಅಂಥ ಊರಿನಲ್ಲಿ ಸರ್ಕಾರಿ ಪದವಿಪೂರ್ವ ಕಾಲೇಜೂ ಇದೆ, ಸರ್ಕಾರಿ ಪ್ರಥಮ ದರ್ಜೆ ಕಾಲೇಜೂ ಇದೆ. ಬೀಡಿ ಕಟ್ಟುವ ಮನೆಗಳ ಮಕ್ಕಳು ಅಲ್ಲಿ ಓದುತ್ತಾರೆ. ನಮ್ಮವರು ನಾನ್ನೂರು ಕಿಲೋಮೀಟರ್ ದಾಟಿ ಈ ಸೀಮೆಗೆ ಬಂದು ಲಕ್ಷ ಲಕ್ಷ ಸುರಿಯುವಾಗ, ಇಲ್ಲಿನ ಬಡವರ ಮಕ್ಕಳು ಸರ್ಕಾರಿ ಕಾಲೇಜಿಗೆ ನಡೆದುಕೊಂಡು ಹೋಗುವುದನ್ನು ಆ ಬೆಳಿಗ್ಗೆ ಜಗಲಿಯಲ್ಲಿ ಕೂತು ನೋಡಿದೆ.

ಗೆಳೆಯರ ಮನೆಯ ಜಗಲಿಗೆ ಆ ಮಕ್ಕಳು ಬರುತ್ತಾರೆ. ಅವರ ಬಳಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿದೆ, ಕಿರಾಣಿ ಅಂಗಡಿಯಲ್ಲಿ ಇರುವಂಥದು. ಕಾಲೇಜುವಾರು, ವಿಷಯವಾರು, ವರ್ಗವಾರು ಹಿಂದಿನ ಮೂರು ವರ್ಷ ಕೊನೆಯ ಸೀಟು ಯಾವ ರ್‍ಯಾಂಕಿಗೆ ಹೋಯಿತು ಎಂದು ಕೈಯಲ್ಲೇ ಬರೆದಿಟ್ಟಿದ್ದಾರೆ. ನಾನು ನಮ್ಮ ಹುಡುಗಿಯ ಸುದ್ದಿ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ರ್‍ಯಾಂಕು ಕೇಳಿದರು. ವರ್ಗ ಕೇಳಿದರು. ಗ್ರಾಮೀಣವೇ, ಕನ್ನಡ ಮಾಧ್ಯಮವೇ, ಕಲ್ಯಾಣ ಕರ್ನಾಟಕವೇ ಎಂದು ಕೇಳಿದರು. ಫೋನು ತೆಗೆದು ಆ ವರ್ಷದ ಪಟ್ಟಿಯಲ್ಲಿ ಬೆರಳಾಡಿಸಿದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾರಾಯರೆ, ಅದು ಅವಳಿಗೆ ಸಿಗುತ್ತಿತ್ತು" ಎಂದರು. ಒಳಗಿನಿಂದ ಅವರ ಮನೆಯವರು ಚಹಾ ತಂದಿಟ್ಟರು. ನಾನು ಕುಡಿದೆನೋ ಇಲ್ಲವೋ ನೆನಪಿಲ್ಲ.

ನಾನು ತಪ್ಪಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತೇನೆ. ನನ್ನ ಹಾಗೆ ಯೋಚಿಸುವ ತಂದೆತಾಯಿ ಸಾವಿರಾರು ಜನ ಇದ್ದಾರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಹಂಚಿಕೆ ರ್‍ಯಾಂಕಿನ ಸಾಲಿನಲ್ಲಿ ನಡೆಯುತ್ತದೆ. ನಿಮ್ಮ ಸರದಿ ಬಂದಾಗ ಗಣಕಯಂತ್ರ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಒಂದನೆಯದರಲ್ಲಿ ನಿಮಗೆ ಸಲ್ಲುವ ಸೀಟು ಉಳಿದಿದೆಯೇ? ಇದ್ದರೆ ಕೊಡುತ್ತದೆ. ಇಲ್ಲದಿದ್ದರೆ ಎರಡನೆಯದು, ಮೂರನೆಯದು, ಹೀಗೆ. ನೀವು ಐದು ಕನಸುಗಳನ್ನು ಮೇಲೆ ಹಾಕಿ ಆರನೆಯದಾಗಿ ಖಾತ್ರಿಯಾದ ಕಾಲೇಜನ್ನು ಹಾಕಿದರೂ, ಆ ಖಾತ್ರಿ ಕಾಲೇಜಿನಲ್ಲಿ ನಿಮಗಿಂತ ಕೆಳಗಿನ ರ್‍ಯಾಂಕಿನವರು ನಿಮ್ಮನ್ನು ದಾಟಿ ಹೋಗುವುದಿಲ್ಲ. ಅದನ್ನು ಒಂದನೆಯದಾಗಿ ಹಾಕಿದವರಿಗೆ ಆದ್ಯತೆ ಎಂಬುದು ಇಲ್ಲವೇ ಇಲ್ಲ. ಐಐಟಿ, ಎನ್‌ಐಟಿಗಳ ಜಂಟಿ ಹಂಚಿಕೆಯಲ್ಲೂ ಇದೇ ಕ್ರಮ. ಆದ್ದರಿಂದ ಮನಸ್ಸಿಗೆ ಬೇಕಾದದ್ದು ಮೇಲೆ, ಕೈಗೆ ಎಟುಕುವುದು ಕೆಳಗೆ. ಖಾತ್ರಿಯದನ್ನು ಮೇಲೆ ಹಾಕಿದರೆ ಅದೇ ಸಿಗುತ್ತದೆ, ಮೊದಲ ಆಯ್ಕೆಯೇ ಸಿಕ್ಕಿತಲ್ಲ ಎಂದು ಮುಂದಿನ ಸುತ್ತಿನಲ್ಲಿ ಮೇಲೇರುವ ದಾರಿಯೂ ಮುಚ್ಚುತ್ತದೆ. ನಾನು ಆ ಮಗುವಿಗೆ ಮಾಡಿದ್ದು ಅದನ್ನೇ.

ನಿಜವಾದ ಹಂಚಿಕೆಗೆ ಮುನ್ನ ಅಣಕು ಹಂಚಿಕೆ ಎಂದು ಒಂದು ನಡೆಯುತ್ತದೆ. ಏನು ಸಿಗಬಹುದು ಎಂದು ತೋರಿಸಿ, ಪಟ್ಟಿ ತಿದ್ದಲು ಸಮಯ ಕೊಡುತ್ತಾರೆ. ಆ ದಿನ ನಾವು ಪಟ್ಟಿ ನೋಡಿ, ಒಂದನೆಯದೇ ಬಂತು ಎಂದು ಸಿಹಿ ಹಂಚಿದ್ದೆವು.

ಇನ್ನು ಅಳೆಯುವ ವಿಚಾರ. ನಮ್ಮ ಜನ ಅಳೆಯುವುದು ಹೋರ್ಡಿಂಗಿನಿಂದ. ನಮ್ಮ ಜಿಲ್ಲಾ ಕೇಂದ್ರದ ಒಂದು ಕೋಚಿಂಗ್ ಸಂಸ್ಥೆಯವರು ಈ ಮಗುವಿನ ತಂದೆಯನ್ನು ಕೂರಿಸಿಕೊಂಡು ಬಣ್ಣದ ಹಾಳೆಯಲ್ಲಿ ನಲವತ್ತು ಮುಖ ತೋರಿಸಿದ್ದರಂತೆ. ನಲವತ್ತು ಮಂದಿ ಸೀಟು ಪಡೆದರು, ಸರಿ. ಪರೀಕ್ಷೆಗೆ ಕೂತವರು ಎಷ್ಟು? ನಾಲ್ಕು ನೂರೋ, ನಾಲ್ಕು ಸಾವಿರವೋ? ಅವರಲ್ಲಿ ನಟ್ಟನಡುವೆ ನಿಂತ ಹುಡುಗನಿಗೆ ಬಂದ ಅಂಕವೆಷ್ಟು? ಸರ್ಕಾರಿ ಶುಲ್ಕದ ಸೀಟು ಎಷ್ಟು, ಹಣ ಕೊಟ್ಟು ಕೊಂಡದ್ದು ಎಷ್ಟು? ಈ ಪ್ರಶ್ನೆಗಳನ್ನು ಕೇಳಿದವರಿಗೆ ಉತ್ತರ ಕೊಟ್ಟ ಸಂಸ್ಥೆಯನ್ನು ನಾನು ಕಂಡಿಲ್ಲ. ನಮ್ಮವರೇ ನಡೆಸುವ ವಿದ್ಯಾಸಂಸ್ಥೆಗಳೂ ಜಾತ್ರೆಯ ದಾರಿಯಲ್ಲಿ ಇಂಥದೇ ಫಲಕ ಕಟ್ಟುತ್ತವೆ. ಮಠದ ಪತ್ರಿಕೆಯಲ್ಲೇ ಇದನ್ನು ಬರೆಯುವುದು ಸರಿಯೇ ಎಂದು ಯೋಚಿಸಿದೆ. ಬರೆಯದೆ ಇರುವುದು ಸರಿಯಲ್ಲ ಅನ್ನಿಸಿತು.

ಅಂಕದಿಂದ ಅಳೆಯುವುದೂ ಕಷ್ಟವೇ. ನೀಟ್‌ನಲ್ಲಿ ಒಟ್ಟು 720 ಅಂಕ. 2024ರಲ್ಲಿ 600 ದಾಟಿದವರು ಹತ್ತಾರು ಸಾವಿರ ಮಂದಿ. 600 ತೆಗೆದ ಮಗು ಮನೆಯಲ್ಲಿ ಅತ್ತಿತು. ಮರುವರ್ಷ ಪ್ರಶ್ನೆಪತ್ರಿಕೆ ಬಿಗಿಯಾಯಿತು. 2025ರಲ್ಲಿ ದೇಶಕ್ಕೇ ಮೊದಲು ಬಂದವರ ಅಂಕ 686. 600 ದಾಟಿದವರು ಇಡೀ ದೇಶದಲ್ಲಿ ಸುಮಾರು 1,300 ಜನ. ಅದೇ 600, ಒಂದು ವರ್ಷ ಕಣ್ಣೀರು, ಇನ್ನೊಂದು ವರ್ಷ ಊರಲ್ಲಿ ಮೆರವಣಿಗೆ. ಪಕ್ಕದ ಮನೆಯ ಹುಡುಗನ ಹಿಂದಿನ ವರ್ಷದ ಅಂಕ ಹೇಳಿ ಮಗಳನ್ನು ಮೂದಲಿಸುವ ತಂದೆತಾಯಿ ಈ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಲಿ. ನೋಡಬೇಕಾದ್ದು ರ್‍ಯಾಂಕನ್ನು, ಅದನ್ನು ಹಿಂದಿನ ಮೂರು ವರ್ಷಗಳ ಕೊನೆಯ ರ್‍ಯಾಂಕಿನ ಪಕ್ಕದಲ್ಲಿಟ್ಟು. ರಾಜ್ಯದ ಎಂಜಿನಿಯರಿಂಗ್ ರ್‍ಯಾಂಕಿಗಾದರೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಬೋರ್ಡ್ ಪರೀಕ್ಷೆ ಪಾಸಾದರೆ ಸಾಕು ಎಂದು ಕೋಚಿಂಗಿನಲ್ಲಿ ಹೇಳಿದರೆ ನಂಬಬೇಡಿ.

ಐಐಟಿಯ ಲೆಕ್ಕವನ್ನೂ ನೋಡೋಣ. 2024ರಲ್ಲಿ ಜೆಇಇ ಮೇನ್ ಬರೆದವರು 14 ಲಕ್ಷಕ್ಕೂ ಹೆಚ್ಚು. ಮುಂದಿನ ಹಂತಕ್ಕೆ ಅರ್ಹರಾದವರು ಎರಡೂವರೆ ಲಕ್ಷ. 23 ಐಐಟಿಗಳ ಒಟ್ಟು ಸೀಟು 17,740. ಸುಮಾರು 80 ಮಂದಿಗೆ ಒಂದು. ಇದನ್ನು ಕೇಳಿ ಕೆಲವರು ಎದೆಗುಂದುತ್ತಾರೆ. ಗೆಳೆಯರು ಹೇಳಿದ ಮಾತು ನನಗೆ ಹಿಡಿಸಿತು: 80ಕ್ಕೆ ಒಂದು ಎಂಬುದು ಯಾವ ಮಗುವಿನ ಅವಕಾಶವೂ ಅಲ್ಲವಂತೆ. ಆ 80ರಲ್ಲಿ ಹೆಸರಿಗೆ ಬರೆದವರೂ ಇದ್ದಾರೆ, ಆರು ವರ್ಷದಿಂದ ತಯಾರಿ ನಡೆಸಿದವರೂ ಇದ್ದಾರೆ. ನಿಮ್ಮ ಮಗು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು, ಯಾರ ಸಹಾಯವೂ ಇಲ್ಲದೆ ಬರೆದರೆ ಎಷ್ಟು ಬರುತ್ತದೆ? ಹತ್ತು ಸಲ ಬರೆದರೆ ಎಷ್ಟರಿಂದ ಎಷ್ಟರ ನಡುವೆ ಬರುತ್ತದೆ? ಅವಕಾಶ ಅಳೆಯಲು ಹಿಡಿಯಬೇಕಾದದ್ದು ಆ ಹತ್ತು ಹಾಳೆ. ಅತಿ ಒಳ್ಳೆಯ ದಿನದ್ದನ್ನು ಮಾತ್ರ ಹಿಡಿದು ಕನಸು ಕಟ್ಟುವುದು, ಅತಿ ಕೆಟ್ಟ ದಿನದ್ದನ್ನು ಹಿಡಿದು ಓದು ಬಿಡಿಸುವುದು, ಎರಡನ್ನೂ ನಮ್ಮ ಮನೆಗಳಲ್ಲಿ ಕಂಡಿದ್ದೇನೆ.

ಭಾಷೆಯ ತೊಡಕೂ ಇದೆ. ನೀಟ್ ಮತ್ತು ಜೆಇಇ ಮೇನ್ ಕನ್ನಡದಲ್ಲಿ ಬರೆಯಬಹುದು. ಐಐಟಿಯ ಜೆಇಇ ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್ ಮತ್ತು ಹಿಂದಿಯಲ್ಲೇ. ಹಿಂದಿಯವರಿಗಿರುವ ಅನುಕೂಲ ಕನ್ನಡದ ಮಗುವಿಗೆ ಯಾಕಿಲ್ಲ ಎಂದು ನಮ್ಮ ಸಂಸದರನ್ನು ಕೇಳಬೇಕಾದವರು ನಾವೇ.

ಈಗ ನಮ್ಮ ಸಮಾಜದವರು ಅತಿ ಹೆಚ್ಚು ಗೊಂದಲಪಡುವ ಕಡೆಗೆ ಬರುತ್ತೇನೆ. ರಾಜ್ಯದಲ್ಲಿ ನಮಗೆ 3ಬಿ ವರ್ಗದಲ್ಲಿ ಶೇಕಡ 5 ಮೀಸಲು. 2023ರ ಮಾರ್ಚ್‌ನಲ್ಲಿ 2ಡಿ ಎಂದು ಮಾಡಿ ಶೇಕಡ 7ಕ್ಕೆ ಏರಿಸುವ ಆದೇಶ ಬಂದಿತ್ತು, ಸುಪ್ರೀಂ ಕೋರ್ಟಿನ ಮುಂದೆ ಹೋಗಿ ಅದು ಜಾರಿಯಾಗದೆ ನಿಂತಿತು. ಇಂದಿಗೂ 7 ಎಂದೇ ನಂಬಿ ಲೆಕ್ಕ ಹಾಕುವವರಿದ್ದಾರೆ. ಇನ್ನು ಕೆಲವರು 3ಬಿ ಪ್ರಮಾಣಪತ್ರ ಹಿಡಿದು ಐಐಟಿ, ಎನ್‌ಐಟಿ, ಅಖಿಲ ಭಾರತ ವೈದ್ಯಕೀಯ ಕೋಟಾದಲ್ಲೂ ಒಬಿಸಿ ಎಂದು ತುಂಬುತ್ತಾರೆ. ಕೇಂದ್ರದ ಪಟ್ಟಿ ಬೇರೆ. ಅದರಲ್ಲಿ ಇಡೀ ಲಿಂಗಾಯತ ಸಮುದಾಯ ಇಲ್ಲ, ಕೆಲವು ಒಳಪಂಗಡಗಳ ಹೆಸರು ಮಾತ್ರ ಇವೆ. ಒಳಪಂಗಡ ಬೇಡವೆಂದು ವೇದಿಕೆಯಲ್ಲಿ ಹೇಳುವ ನಾವೇ ಅರ್ಜಿ ತುಂಬುವಾಗ ಒಳಪಂಗಡ ಹುಡುಕಬೇಕಾಗಿರುವುದು ವಿಪರ್ಯಾಸ. ಆದರೆ ಆ ವಿಪರ್ಯಾಸದ ಬೆಲೆಯನ್ನು ಹದಿನೇಳು ವರ್ಷದ ಮಗು ತೆರುವುದು ಬೇಡ. ಆರ್ಥಿಕವಾಗಿ ಹಿಂದುಳಿದವರ ಕೇಂದ್ರ ಮೀಸಲಿಗೆ ಕುಟುಂಬದ ವರಮಾನ 8 ಲಕ್ಷಕ್ಕಿಂತ ಕಡಿಮೆ ಇರಬೇಕು, ಕೃಷಿಭೂಮಿ 5 ಎಕರೆಗಿಂತ ಕಡಿಮೆ ಇರಬೇಕು. ಕುಷ್ಟಗಿಯ ಆರು ಎಕರೆ ಒಣಭೂಮಿಯವನೂ ಕಾಲುವೆ ನೀರಿನ ಆರು ಎಕರೆಯವನೂ ದಿಲ್ಲಿಯ ಕಣ್ಣಿಗೆ ಒಂದೇ. ಮಳೆ ಬಾರದ ವರ್ಷ ಆರು ಎಕರೆಗೆ ಏನು ಬೆಲೆ ಎಂದು ಆ ನಿಯಮ ಬರೆದವರು ಕೇಳಿದಂತಿಲ್ಲ.

ನಮಗೆ ನಿಜವಾಗಿ ಸಲ್ಲುವ ಹಕ್ಕುಗಳನ್ನೇ ನಾವು ಬಿಟ್ಟುಕೊಡುತ್ತಿದ್ದೇವೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಸಂವಿಧಾನದ 371ಜೆ ವಿಧಿಯಂತೆ ಆ ಭಾಗದ ಸಂಸ್ಥೆಗಳಲ್ಲಿ ಶೇಕಡ 70, ರಾಜ್ಯದ ಉಳಿದ ಕಡೆ ಶೇಕಡ 8. ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಅರ್ಜಿಯಲ್ಲಿ ಕೇಳದೆ ಇದ್ದು, ಸೀಟು ಹಂಚುವಾಗ ಓಡಾಡಿದರೆ ಪ್ರಯೋಜನವಿಲ್ಲ. ನಮ್ಮ ಊರಿನ ಹುಡುಗನೊಬ್ಬ ಶಾಲೆಯಿಂದ ಕನ್ನಡ ಮಾಧ್ಯಮದ ಒಂದು ಹಾಳೆ ತರದೆ ಹೋದದ್ದರಿಂದ ಖಾಸಗಿ ಕಾಲೇಜಿನಲ್ಲಿ ಸಾಲ ಮಾಡಿ ಓದುತ್ತಿದ್ದಾನೆ.

ಗಡಿಭಾಗದವರಿಗೆ ಇನ್ನೊಂದು ಮಾತು. ಸುರತ್ಕಲ್‌ನ ಎನ್‌ಐಟಿ, ಹಿಂದೆ 1960ರಲ್ಲಿ ಕೆಆರ್‌ಇಸಿ ಎಂದು ಆರಂಭವಾದದ್ದು, ಅರ್ಧ ಸೀಟುಗಳನ್ನು ಕರ್ನಾಟಕದವರಿಗೆ ಇಡುತ್ತದೆ. ಕರ್ನಾಟಕದವರು ಎಂದರೆ ಇಲ್ಲಿ ಹನ್ನೆರಡನೆಯ ತರಗತಿಯನ್ನು ಕರ್ನಾಟಕದಲ್ಲಿ ಪಾಸಾದವರು. ಕಲಬುರಗಿ, ಬೀದರ್‌ನಿಂದ ಮಕ್ಕಳನ್ನು ಹೈದರಾಬಾದಿಗೋ ರಾಜಸ್ಥಾನದ ಕೋಟಾಕ್ಕೋ ಕಳಿಸಿ ಅಲ್ಲಿಯೇ ಹನ್ನೆರಡನೆಯದನ್ನು ಬರೆಸುವವರು ಆ ಅರ್ಧವನ್ನು ತಾವೇ ಕಳೆದುಕೊಳ್ಳುತ್ತಾರೆ. ಧಾರವಾಡದ ಐಐಟಿಯಲ್ಲಿ ಮಾತ್ರ ಧಾರವಾಡದವರಿಗೂ ರಾಜ್ಯದವರಿಗೂ ಒಂದು ಸೀಟೂ ಮೀಸಲಿಲ್ಲ. 2016ರಲ್ಲಿ ಅದು ಬಂದಾಗ ನಾವೆಲ್ಲ ಪೇಢಾ ಹಂಚಿದ್ದೆವು, ಅದು ಬೇರೆ ವಿಷಯ. ಎಂಜಿನಿಯರಿಂಗ್ ಮತ್ತು ಮೆಡಿಕಲ್ ಬಿಟ್ಟರೂ ದಾರಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2021ರಿಂದ ಕರ್ನಾಟಕದಲ್ಲಿ ಓದಿದವರಿಗೆ ಶೇಕಡ 25 ಸೀಟು ಇಟ್ಟಿದೆ. ನಮ್ಮ ಹಳ್ಳಿಗಳಲ್ಲಿ ಎಷ್ಟು ಜನರಿಗೆ ಗೊತ್ತು?

ಹೀಗೆ ಲೆಕ್ಕ ಹಾಕುತ್ತಾ ಕೂತರೆ ಮಕ್ಕಳ ಹಂಬಲವೇ ಬತ್ತಿಹೋಗುತ್ತದೆ ಎಂದು ಒಬ್ಬ ಹಿರಿಯರು ನನ್ನೊಡನೆ ವಾದಿಸಿದರು. ಡಿ.ಸಿ. ಪಾವಟೆಯವರ ಉದಾಹರಣೆ ಕೊಟ್ಟರು. ಗೋಕಾಕ ತಾಲ್ಲೂಕಿನ ಮಮದಾಪುರದ ಹುಡುಗ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ್‍ಯಾಂಗ್ಲರ್ ಆಗುವ ಸಂಭವವನ್ನು ಯಾವ ಪಟ್ಟಿ ಹೇಳುತ್ತಿತ್ತು ಎಂದರು. ಅವರ ಮಾತು ತೂಕದ್ದು. ಯಾವ ಪಟ್ಟಿಯೂ ಹೇಳುತ್ತಿರಲಿಲ್ಲ. ಆದರೆ ಪಾವಟೆಯವರು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಮಾಡಿದ್ದೇನು? ತಮ್ಮಂಥ ಹಳ್ಳಿಯ ಹುಡುಗರು ಅಂಥ ಸಾಹಸ ಮಾಡದೆಯೂ ಮೇಲಕ್ಕೆ ಬರುವಂತೆ ಬಾಗಿಲು ಅಗಲ ಮಾಡಿದರು. ಅದಕ್ಕೂ ಹಿಂದೆ, 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟಿದ್ದರು. ಒಬ್ಬ ಪಾವಟೆಗಾಗಿ ಕಾಯುತ್ತಾ ಕೂರುವುದಕ್ಕೂ ನೂರು ಮಕ್ಕಳಿಗೆ ದಾರಿ ತೋರಿಸುವುದಕ್ಕೂ ಜಗಳವಿಲ್ಲ. ಹೇಗೂ ಕನಸಿನ ಕಾಲೇಜನ್ನು ಪಟ್ಟಿಯ ಮೇಲೇ ಇಡಿ ಎನ್ನುತ್ತಿದ್ದೇನಲ್ಲ. ಅದರ ಕೆಳಗೆ ಬರುವ ಹತ್ತು ಹೆಸರುಗಳನ್ನು ಕಣ್ಣು ತೆರೆದು ಬರೆಯಿರಿ ಎಂಬುದಷ್ಟೇ ನನ್ನ ಕೋರಿಕೆ.

ಕಣ್ಣು ಮುಚ್ಚಿ ಬರೆದಾಗ ಆಗುವ ಹಾನಿ ಸೀಟಿಗೆ ನಿಲ್ಲುವುದಿಲ್ಲ. ಸಿಕ್ಕೇ ಸಿಗುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡ ಮನೆಯಲ್ಲಿ ಸಿಗದ ದಿನ ಆ ಮಗು ಹೇಗೆ ತಲೆಯೆತ್ತಬೇಕು? ಫಲಿತಾಂಶದ ಮಾರನೆಯ ದಿನದ ಪತ್ರಿಕೆ ತೆರೆಯಲು ನನಗೆ ಈಗ ಭಯವಾಗುತ್ತದೆ. ಮೊದಲೇ ಮೂರು ಸಾಲು ಬರೆದಿಟ್ಟು, ಇದು ಸಿಕ್ಕೇ ಸಿಗುತ್ತದೆ, ಇದು ಸಿಗಬಹುದು, ಇದು ಸಿಕ್ಕರೆ ಪುಣ್ಯ ಎಂದು ಮನೆಮಂದಿಯೆಲ್ಲ ಕೂತು ಓದಿದ್ದರೆ ಆ ದಿನ ಅಷ್ಟು ಭಾರವಾಗದು. ವಾಮದಪದವಿನ ಜಗಲಿಯಲ್ಲಿ ಒಬ್ಬ ತಾಯಿ, ಬೀಡಿ ಎಲೆಯ ವಾಸನೆ ಇನ್ನೂ ಕೈಯಲ್ಲಿತ್ತು, "ಇದು ಸಿಗದಿದ್ದರೆ?" ಎಂದು ಕೇಳಿದಳು. ಗೆಳೆಯರು ಹಾಳೆ ತಿರುವಿ, "ಸಿಗದಿದ್ದರೆ ಇದುಂಟು, ಇದೂ ಇಲ್ಲದಿದ್ದರೆ ಇಲ್ಲಿಯೇ ನಮ್ಮ ಡಿಗ್ರಿ ಕಾಲೇಜುಂಟಲ್ಲ" ಎಂದರು. ಆಕೆಯ ಮುಖ ಸಡಿಲಾದದ್ದನ್ನು ನಾನು ನೋಡಿದೆ.

ನಮ್ಮ ಮಠಗಳು ಒಂದು ಕಾಲದಲ್ಲಿ ಉಚಿತ ಪ್ರಸಾದ ನಿಲಯ ತೆರೆದವು. ಹಳ್ಳಿಯ ಮಗುವಿಗೆ ಅನ್ನ ಮತ್ತು ಸೂರು ಸಿಕ್ಕರೆ ಉಳಿದದ್ದನ್ನು ಅದು ತಾನೇ ಸಂಪಾದಿಸುತ್ತಿತ್ತು. ಇಂದಿನ ಮಗುವಿಗೆ ಅನ್ನದ ಜೊತೆಗೆ ತಿಳಿದವರ ಒಂದು ಗಂಟೆ ಬೇಕು. ತಾಲ್ಲೂಕಿಗೆ ಒಂದು ಮಠ, ಒಬ್ಬ ನಿವೃತ್ತ ಶಿಕ್ಷಕ, ಒಂದು ಲೆಕ್ಕದ ಪುಸ್ತಕ ಸಾಕು. ಯಾವ ಜಾತಿಯ ಮಗು ಬಂದರೂ ಹಾಳೆ ತಿರುವಬೇಕು, ಪ್ರಸಾದ ನಿಲಯದ ಊಟದ ಸಾಲಿನಲ್ಲಿ ಹೇಗೆ ಕೇಳುತ್ತಿರಲಿಲ್ಲವೋ ಹಾಗೆ.

ನಮ್ಮ ಹುಡುಗಿ ಈಗ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ, ಮನೆ ಹತ್ತಿರದ ಆ ಕಾಲೇಜಿನಲ್ಲೇ. ಚೆನ್ನಾಗಿಯೇ ಓದುತ್ತಿದ್ದಾಳೆ. ವಾಮದಪದವಿನಿಂದ ಬಂದವನೇ ಅವಳ ಮುಂದೆ ಕೂತು ಎಲ್ಲವನ್ನೂ ಹೇಳಿದ್ದೆ. ಅವಳು ಏನೂ ಅನ್ನಲಿಲ್ಲ. ಕಳೆದ ವರ್ಷ ಅವಳ ತಮ್ಮನ ಸರದಿ ಬಂದಾಗ ಮಾತ್ರ, "ಅಜ್ಜಾ, ನೀವು ಹೊರಗೆ ಕಟ್ಟೆ ಮೇಲೆ ಕೂಡ್ರಿ, ನಾನು ಹಾಕ್ತೀನಿ" ಎಂದಳು. ಅವನಿಗೆ ಮೂರನೆಯ ಆಯ್ಕೆ ಸಿಕ್ಕಿತು.

ನಮ್ಮೂರ ಮಠದ ವಾಚನಾಲಯದಲ್ಲಿ ಈಗ ಅಂಥದೊಂದು ಪುಸ್ತಕ ಇಟ್ಟಿದ್ದೇವೆ. ಬರೆದವಳು ಅವಳೇ, ಅಕ್ಷರ ದುಂಡಗಿದೆ. ಮೇ ತಿಂಗಳಿನಿಂದ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾನು ಅಲ್ಲಿರುತ್ತೇನೆ. ಬರುವಾಗ ಜಾತಿ, ಆದಾಯ, 371ಜೆ ಪ್ರಮಾಣಪತ್ರಗಳನ್ನೂ ಶಾಲೆಯ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಹಾಳೆಗಳನ್ನೂ ತನ್ನಿ. ಮಗುವನ್ನೂ ಕರೆತನ್ನಿ, ಕೆಲವರು ಮಗುವನ್ನು ಬಿಟ್ಟು ತಾವಷ್ಟೇ ಬರುತ್ತಾರೆ.